ಕಲ್ಲು ಮೊದಲು, ಓತಿ ಆಮೇಲೆ: ಬಯಲುಸೀಮೆಯ ಸಣ್ಣ ಜೀವಿಗಳ ಫೋಟೋ ತೆಗೆಯುವ ಬಗೆ

ಬಾದಾಮಿ, ಐಹೊಳೆ, ಗೋಕಾಕ ಕಡೆ ಕ್ಯಾಮೆರಾ ಹೆಗಲಿಗೇರಿಸಿ ಹೊರಡುವವರು ಕೇಳುವುದು ಹೆಚ್ಚುಕಡಿಮೆ ಮೂರೇ ಪ್ರಶ್ನೆ. ಯಾವ ಲೆನ್ಸ್ ತಗೊಳ್ಳಬೇಕು? ಹತ್ತಿರ ಹೋಗುವುದರೊಳಗೆ ಓತಿಕ್ಯಾತ ಓಡಿಬಿಡುತ್ತದಲ್ಲ, ಏನು ಮಾಡಬೇಕು? ಎಲ್ಲ ಸರಿ ಇದ್ದರೂ ಚಿತ್ರ ಯಾಕೆ ಮಸುಕಾಗಿ ಬರುತ್ತದೆ?

ಮೂರಕ್ಕೂ ಉತ್ತರ ಹೆಚ್ಚಾಗಿ ಒಂದೇ. ನಮ್ಮ ಭಾಗದ ನೆಲದಲ್ಲಿ ಮರೆ ಎಂಬುದಿಲ್ಲ. ನೀವು ಓತಿಯನ್ನು ನೋಡುವ ಮೊದಲೇ ಅದು ನಿಮ್ಮನ್ನು ನೋಡಿರುತ್ತದೆ. ಬೆನ್ನು ಹತ್ತಿ ಹೋದರೆ ಸಿಗುವುದು ಬಾಲದ ತುದಿ ಮಾತ್ರ. ಅದು ದಿನಾ ಬಂದು ಕೂರುವ ಕಲ್ಲನ್ನು ಮೊದಲು ಹುಡುಕಿ, ಆ ಕಲ್ಲಿಗೆ ಬೆಳಕನ್ನೂ ಹಿನ್ನೆಲೆಯನ್ನೂ ಹೊಂದಿಸಿಕೊಂಡು, ನೆಲಕ್ಕೆ ಹತ್ತಿ ಕಾದು ಕೂತರೆ ಸಾಧಾರಣ ಲೆನ್ಸಿನಲ್ಲೂ ಒಳ್ಳೆಯ ಚಿತ್ರ ಬರುತ್ತದೆ. ಕೆಳಗಿನ ಹಂತಗಳೆಲ್ಲ ಈ ಒಂದು ಕೆಲಸಕ್ಕಾಗಿ.

1. ಏನನ್ನು, ಯಾವಾಗ, ಎಲ್ಲಿ ಹುಡುಕಬೇಕು

ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರು ಜಿಲ್ಲೆಗಳಲ್ಲಿ ನೆಲ ಮೂರು ಥರ. ಬಾದಾಮಿ, ಮಹಾಕೂಟ, ಐಹೊಳೆಯ ಸುತ್ತ ಕೆಂಪು ಮರಳುಗಲ್ಲಿನ ಗುಡ್ಡಗಳು. ವಿಜಯಪುರದ ಕಡೆ ಕಪ್ಪು ಬಸಾಲ್ಟ್ ಕಲ್ಲು, ಅದು ಸವೆದು ಆದ ಎರೆ ಭೂಮಿ. ಗೋಕಾಕ, ಘಟಪ್ರಭಾ ಕಡೆ ಹೊಳೆದಂಡೆಯ ಬಂಡೆ ಮತ್ತು ಕುರುಚಲು. ನೆಲ ಬದಲಾದ ಹಾಗೆ ಜೀವಿಯೂ ಬದಲಾಗುತ್ತದೆ, ಕ್ಯಾಮೆರಾದ ಲೆಕ್ಕವೂ ಬದಲಾಗುತ್ತದೆ.

ಬಂಡೆ ಓತಿ: ಮರಳುಗಲ್ಲಿನ ಗುಡ್ಡಗಳಲ್ಲಿ ಸುಲಭವಾಗಿ ಕಾಣುವಂಥದ್ದು. ಬೆದೆಯ ಕಾಲದಲ್ಲಿ, ಅಂದರೆ ಬೇಸಿಗೆಯ ನಡುವಿನಿಂದ ಮಳೆಗಾಲದ ಆರಂಭದವರೆಗೆ, ಗಂಡಿನ ಬೆನ್ನು ಕೆಂಪು-ಕಿತ್ತಳೆಯಾಗಿ ಪಕ್ಕೆ ಕಪ್ಪಾಗುತ್ತದೆ. ಎದುರಿಗೆ ಇನ್ನೊಂದು ಗಂಡು ಬಂತೋ ಹೆಣ್ಣು ಬಂತೋ ಎಂಬುದರ ಮೇಲೆ ಈ ಬಣ್ಣ ನೋಡನೋಡುತ್ತಲೇ ಬದಲಾಗುತ್ತದೆ. ಹೆಣ್ಣು ಕಂದು ಬಣ್ಣದ್ದು, ಕಲ್ಲಿಗೆ ಅಂಟಿದಂತೆ ಕೂರುತ್ತದೆ, ಹತ್ತಿರದಲ್ಲೇ ಇದ್ದರೂ ಗೊತ್ತಾಗುವುದಿಲ್ಲ.

ಬೀಸಣಿಗೆ ಗಂಟಲಿನ ಓತಿ: ಬಾಲ ಸೇರಿದರೆ ಹೆಚ್ಚುಕಡಿಮೆ ಒಂದು ಗೇಣು. ಬಯಲು, ಗಾಯರಾಣ (ಊರ ದನಕುರಿ ಮೇಯುವ ಗೋಮಾಳ), ಕಟಾವು ಮುಗಿದ ಹೊಲದ ಒಡ್ಡು ಇದರ ಜಾಗ. ಮಾರ್ಚ್‌ನಿಂದ ಮೇ ತನಕ ಗಂಡು ಒಂದು ಹೆಂಟೆ ಅಥವಾ ಸಣ್ಣ ಕಲ್ಲನ್ನು ಏರಿ ಗಂಟಲ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚುತ್ತದೆ. ಗಂಟಲು ನೀಲಿ, ಕಪ್ಪು, ಕಿತ್ತಳೆ ಬಣ್ಣದಲ್ಲಿ ಮಿನುಗುವ ಜಾತಿಗಳನ್ನು 2016ರಲ್ಲಿ ವಿಜ್ಞಾನಿಗಳು ‘ಸರಡಾ’ ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಿದ್ದಾರೆ. ಹಿಂಗಾರಿ ಜೋಳ, ಕಡಲೆ ಕಟಾವಾಗಿ ಹೊಲ ಬರಿದಾದ ಮೇಲೆ ಇದು ಬೇಗ ಕಣ್ಣಿಗೆ ಬೀಳುತ್ತದೆ.

ಇವೆರಡೇ ಅಲ್ಲ. ಹಾವುರಾಣಿ, ಇಣಚಿ, ಕಲ್ಲಿನ ಸಂದಿನ ಹಲ್ಲಿ, ನೆಲಗುಬ್ಬಿ, ಟಿಟ್ಟಿಭ, ಮಿಡತೆ, ನುಣ್ಣನೆಯ ಮಣ್ಣಿನಲ್ಲಿ ಆಲಿಕೆಯಾಕಾರದ ಗುಂಡಿ ತೋಡಿ ಇರುವೆಗೆ ಹೊಂಚುಹಾಕುವ ಇರುವೆಸಿಂಹ, ಮೊದಲ ಮಳೆ ಬಿದ್ದಾಗ ನೆಲದ ಮೇಲೆ ಹರಿದಾಡುವ ಮಕಮಲ್ಲಿನಂಥ ಕೆಂಪು ಮಿರಗದ ಹುಳ, ಎಲ್ಲವೂ ಇದೇ ನೆಲದಲ್ಲಿವೆ. ಕಲಿಯುವುದಕ್ಕೆ ಮಾತ್ರ ಬಂಡೆ ಓತಿಯೇ ಒಳ್ಳೆಯದು. ದೊಡ್ಡದು, ಬಣ್ಣದ್ದು, ಜಾಗ ಬಿಟ್ಟು ಹೋಗುವುದಿಲ್ಲ.

ಹೊತ್ತಿನ ಲೆಕ್ಕ: ಓತಿಗೆ ಮೈ ಕಾಯಿಸಿಕೊಳ್ಳಲು ಬಿಸಿಲು ಬೇಕು. ಏಪ್ರಿಲ್-ಮೇನಲ್ಲಿ ಬೆಳಿಗ್ಗೆ ಏಳರ ಸುಮಾರಿಗೆ ಹೊರಬಂದು, ಹನ್ನೊಂದರ ಹೊತ್ತಿಗೆ ಸಂದಿಯೊಳಗೆ ಸೇರಿಬಿಡುತ್ತದೆ. ಚಳಿಗಾಲದಲ್ಲಿ ಒಂಬತ್ತಾದರೂ ತಲೆ ಹಾಕದೆ ಇರಬಹುದು. ಮೇ ಮೊದಲ ವಾರದಲ್ಲಿ ಬಾದಾಮಿಯಲ್ಲಿ ಸೂರ್ಯ ಮೂಡುವುದು ಆರರ ಆಸುಪಾಸು, ಮಧ್ಯಾಹ್ನ ಹನ್ನೆರಡೂವರೆಗೆ ಸ್ವಲ್ಪ ಮೊದಲು ನೆತ್ತಿಯ ನೇರಕ್ಕೇ ಬರುತ್ತಾನೆ. ಆಗ ಜೀವಿಯ ಕಣ್ಣೇ ನೆರಳಿನಲ್ಲಿ ಮುಳುಗುತ್ತದೆ. ಗಡಿಯಾರಕ್ಕಿಂತ ಸುಲಭದ ಗುರುತು ನಿಮ್ಮ ನೆರಳು. ನೆರಳು ನಿಮ್ಮ ಎತ್ತರದ ಎರಡರಷ್ಟಿದ್ದರೆ ಬೆಳಕು ಬಲು ಚೆನ್ನ, ನಿಮ್ಮಷ್ಟೇ ಆದಾಗ ಕೆಲಸ ಮುಗಿಸುವ ಹೊತ್ತು. ಅದಕ್ಕಿಂತ ಗಿಡ್ಡವಾದರೆ ಎದ್ದು ಚಹಾ ಕುಡಿಯಲು ಹೋಗಿ.

2. ಚೀಲದಲ್ಲಿ ಏನಿರಬೇಕು

ಲೆನ್ಸ್: 70-300 ಮಿ.ಮೀ. ಜೂಮ್ ಸಾಕು (ಮಿ.ಮೀ. ಹೆಚ್ಚಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ). 100-400 ಇದ್ದರೆ ಇನ್ನೂ ಅನುಕೂಲ. ಕೊಳ್ಳುವ ಮೊದಲು ‘ಕನಿಷ್ಠ ಫೋಕಸ್ ದೂರ’ ನೋಡಿ, ಅಂದರೆ ಎಷ್ಟು ಹತ್ತಿರ ಇರುವ ವಸ್ತುವಿನವರೆಗೆ ಆ ಲೆನ್ಸ್ ಫೋಕಸ್ ಹಿಡಿಯುತ್ತದೆ ಎಂಬುದು. ಸಣ್ಣ ಜೀವಿಗೆ ಇದು ಲೆನ್ಸಿನ ಮಿ.ಮೀ. ಲೆಕ್ಕಕ್ಕಿಂತ ಮುಖ್ಯ. ಹಲವು 70-300ಗಳು ಒಂದೂವರೆ ಮೀಟರಿನೊಳಗೆ ಫೋಕಸ್ ಹಿಡಿಯುತ್ತವೆ. 150-600ನಂಥ ದೊಡ್ಡ ಜೂಮ್‌ಗಳಲ್ಲಿ ಕೆಲವು ಎರಡೂವರೆ ಮೀಟರಿಗಿಂತ ಹತ್ತಿರದ್ದನ್ನು ಹಿಡಿಯುವುದೇ ಇಲ್ಲ. ಆಗ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿಕೊಳ್ಳಬಹುದು. ಅದು ಗಾಜಿಲ್ಲದ ಪೊಳ್ಳು ಬಳೆ. ಲೆನ್ಸನ್ನು ಮುಂದಕ್ಕೆ ತಳ್ಳಿ ಹತ್ತಿರದ್ದನ್ನು ಹಿಡಿಯುವ ಹಾಗೆ ಮಾಡುತ್ತದೆ. ಆದರೆ ಟ್ಯೂಬ್ ಇದ್ದಷ್ಟು ಹೊತ್ತು ದೂರದ್ದು ಫೋಕಸ್ ಆಗುವುದಿಲ್ಲ. 100 ಮಿ.ಮೀ. ಮ್ಯಾಕ್ರೋ (ತೀರ ಹತ್ತಿರದ್ದನ್ನು ದೊಡ್ಡದಾಗಿ ಹಿಡಿಯುವ ಲೆನ್ಸ್) ಹುಳಗಳಿಗೆ ಸರಿ. ಅದರ ಪೂರ್ತಿ ಲಾಭ ಬೇಕೆಂದರೆ ಲೆನ್ಸಿನ ಮೂತಿ ಒಂದು ಗೇಣಿಗಿಂತ ಹತ್ತಿರ ಹೋಗಬೇಕು, ಅಲ್ಲಿಯ ತನಕ ಓತಿ ಕಾಯುವುದಿಲ್ಲ.

ಜೋಳದ ಚೀಲ: ಟ್ರೈಪಾಡ್‌ಗಿಂತ ಇದು ಮೇಲು. ದಪ್ಪ ಕಾಟನ್ ಬಟ್ಟೆಯಲ್ಲಿ ದಿಂಬಿನ ಚೀಲ ಹೊಲಿಸಿ, ಒಂದೂವರೆಯಿಂದ ಎರಡು ಕಿಲೋ ಜೋಳ ತುಂಬಿಸಿ. ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಗಟ್ಟಿಯಾಗಿ ತುಂಬಿದರೆ ಲೆನ್ಸ್ ಅದರಲ್ಲಿ ಕೂರದೆ ಉರುಳುತ್ತದೆ. ಹಗುರ ಇರಲಿ ಎಂದು ಚುರಮುರಿ ತುಂಬಿದವರಿದ್ದಾರೆ. ಗಾಳಿಗೆ ಅದು ಅಲುಗಾಡುತ್ತದೆ, ಲೆನ್ಸಿನ ಭಾರಕ್ಕೆ ಪುಡಿಯಾಗುತ್ತದೆ. ಒಂದು ತುದಿಗೆ ಜಿಪ್ ಇರಲಿ, ಹುಳ ಹಿಡಿದಾಗ ಕಾಳು ಬದಲಿಸಬಹುದು. ಟ್ರೈಪಾಡ್ ತಂದರೂ ಬಾದಾಮಿ ಗುಹೆಗಳಂಥ ಪುರಾತತ್ತ್ವ ಇಲಾಖೆಯ ಆವರಣಗಳಲ್ಲಿ ಅನುಮತಿಯಿಲ್ಲದೆ ಅದನ್ನು ಹೂಡಲು ಬಿಡುವುದಿಲ್ಲ.

ಮಿಕ್ಕಿದ್ದು: ಮಲಗಲು ದಪ್ಪ ಚಾಪೆ ಅಥವಾ ಹಳೆಯ ಕಂಬಳಿ, ರಬ್ಬರ್ ಗಾಳಿ ಬಲ್ಬ್, ಮೈಕ್ರೋಫೈಬರ್ ಬಟ್ಟೆ, ಕ್ಯಾಮೆರಾ ಮುಚ್ಚಲು ಬಿಳಿ ಟವೆಲ್, ಹೆಚ್ಚುವರಿ ಬ್ಯಾಟರಿ, ಕಾಲ್ಗಂಟು ಮುಚ್ಚುವ ಬೂಟು, ಪೂರ್ಣ ತೋಳಿನ ಮಣ್ಣುಬಣ್ಣದ ಅಂಗಿ, ತಲೆಗೆ ಟೊಪ್ಪಿಗೆ. ಬೇಸಿಗೆಯಲ್ಲಿ ಒಬ್ಬರಿಗೆ ಮೂರು ಲೀಟರಿಗಿಂತ ಕಡಿಮೆ ನೀರು ಬೇಡ, ಜೊತೆಗೆ ಎರಡು ಪೊಟ್ಟಣ ಓಆರ್‌ಎಸ್. ತಿನ್ನುವುದನ್ನು ಚೀಲದ ಒಳಗಿಡಿ. ಬಾದಾಮಿಯ ಮಂಗ್ಯಾಗಳಿಗೆ ಪ್ಲಾಸ್ಟಿಕ್ ಚೀಲದ ಸಪ್ಪಳ ಕೇಳಿದರೆ ಸಾಕು.

3. ಸೆಟ್ಟಿಂಗ್: ಮನೆಯಲ್ಲೇ ಮಾಡಿಟ್ಟುಕೊಳ್ಳಿ

ಕಲ್ಲಿನ ಮುಂದೆ ಮಲಗಿಕೊಂಡು ಮೆನು ಹುಡುಕುವಂತಾಗಬಾರದು. ಹಿಂದಿನ ರಾತ್ರಿಯೇ ಹೀಗೆ ಇಟ್ಟುಕೊಳ್ಳಿ:

ಫೈಲ್ ‘ರಾ’ದಲ್ಲಿರಲಿ. ಕ್ಯಾಮೆರಾ ತಾನೇ ಬಣ್ಣ ಬೆರೆಸದೆ ಕೊಡುವ ಕಚ್ಚಾ ಫೈಲ್ ಅದು. ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿಯ ಅಳತೆ) ಎಫ್/8. ಶಟರ್ ಸ್ಪೀಡ್ (ಬೆಳಕು ಒಳಬೀಳುವ ಹೊತ್ತು) 1/1000 ಸೆಕೆಂಡ್. ಐಎಸ್‌ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಎಂಬುದರ ಅಂಕಿ) ಆಟೋ, ಮೇಲಿನ ಮಿತಿ 3200. ಸೂರ್ಯ ಒಂದಿಷ್ಟು ಮೇಲೆ ಬಂದ ತಿಳಿ ಬೆಳಿಗ್ಗೆಯಲ್ಲಿ ಈ ಲೆಕ್ಕಕ್ಕೆ ಐಎಸ್‌ಓ 400-640ರಲ್ಲಿ ನಿಲ್ಲುತ್ತದೆ, ಗದ್ದಲ (ಚಿತ್ರದ ಮೇಲಿನ ಕಾಳುಕಾಳು) ಕಾಡುವುದಿಲ್ಲ. ಓತಿ ಕದಲದೆ ಕೂತಿದ್ದರೆ ಶಟರ್ 1/250ಕ್ಕೆ ಇಳಿಸಬಹುದು. ಬೀಸಣಿಗೆ ಬಿಚ್ಚುವಾಗ, ತಲೆ ಕುಣಿಸುವಾಗ 1/1000 ಕೂಡ ಕಡಿಮೆಯೇ, 1/1600 ಇಡಿ.

ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ‘ಡೇಲೈಟ್’ಗೆ ಕಟ್ಟಿಹಾಕಿ. ಆಟೋ ಇಟ್ಟರೆ ಮುಂಜಾವಿನ ಕೆಂಪು ಬಂಡೆಯನ್ನು ಕ್ಯಾಮೆರಾ ದೋಷವೆಂದು ತಿಳಿದು ತಿದ್ದಲು ಹೋಗುತ್ತದೆ, ಬಾದಾಮಿ ಬೂದಿಯಾಗುತ್ತದೆ.

ಫೋಕಸ್ ಒಂದೇ ಸಣ್ಣ ಚುಕ್ಕೆಗೆ, ‘ಕಂಟಿನ್ಯೂಯಸ್’ನಲ್ಲಿ, ಅಂದರೆ ಜೀವಿ ಕದಲಿದಂತೆ ಫೋಕಸ್ ಅದನ್ನು ಹಿಂಬಾಲಿಸುವ ಹಾಗೆ. ಪ್ರಾಣಿಯ ಕಣ್ಣು ಹುಡುಕುವ ಸೌಲಭ್ಯವಿರುವ ಹೊಸ ಕ್ಯಾಮೆರಾಗಳೂ ಓತಿಯ ವಿಷಯದಲ್ಲಿ ತಪ್ಪುತ್ತವೆ. ಚರ್ಮದ ಹುರುಪೆ, ಕಲ್ಲಿನ ಚುಕ್ಕೆ ಎರಡೂ ಒಂದೇ ಥರ ಕಾಣುವುದರಿಂದ ಅವು ಕಲ್ಲನ್ನೇ ಕಣ್ಣೆಂದುಕೊಳ್ಳುತ್ತವೆ.

ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಎಂದರೆ ಕ್ಯಾಮೆರಾ ಅಳೆದ ಬೆಳಕಿಗಿಂತ ಹೆಚ್ಚೋ ಕಡಿಮೆಯೋ ಕೊಡು ಎಂದು ನಾವು ಹೇಳುವುದು. ಎದುರಿಗೆ ಏನಿದ್ದರೂ ಕ್ಯಾಮೆರಾ ಅದನ್ನು ನಡು ಬೂದು ಮಾಡಲು ನೋಡುತ್ತದೆ. ಬಿಸಿಲಿಗೆ ಬಿಳಿಚಿದ ಮರಳುಗಲ್ಲಿದ್ದರೆ ಚಿತ್ರ ಕಪ್ಪಿಡುತ್ತದೆ, ಆಗ +0.7 ಕೊಡಿ. ಎರೆ ಮಣ್ಣು, ಬಸಾಲ್ಟ್ ಇದ್ದರೆ ಚಿತ್ರ ಬಿಳಿಚಿಕೊಳ್ಳುತ್ತದೆ, −0.7 ಕೊಡಿ. ಒಂದೇ ದಿನ ಬಾದಾಮಿ ಮುಗಿಸಿ ವಿಜಯಪುರಕ್ಕೆ ಹೋಗುವವರು ಇದನ್ನು ತಿರುಗಿಸಲು ಮರೆತು ಅರ್ಧ ಕಾರ್ಡ್ ಹಾಳುಮಾಡಿಕೊಳ್ಳುವುದು ಮಾಮೂಲು.

ಬೆದೆಯ ಬಂಡೆ ಓತಿಗೆ ಒಂದು ವಿಶೇಷ ಎಚ್ಚರಿಕೆ. ಒಟ್ಟಾರೆ ಬೆಳಕು ಸರಿ ಕಂಡರೂ ಅದರ ಬೆನ್ನಿನ ಕೆಂಪು ಮಾತ್ರ ಮಿತಿ ಮೀರಿ, ಹುರುಪೆಗಳ ವಿವರವೆಲ್ಲ ಹೋಗಿ ಬಣ್ಣ ಬಳಿದಂತೆ ಕಾಣುತ್ತದೆ. ಇದು ಸಾಮಾನ್ಯ ಹಿಸ್ಟೋಗ್ರಾಮ್‌ನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಗೊತ್ತಾಗುವುದಿಲ್ಲ. ಕೆಂಪು, ಹಸಿರು, ನೀಲಿ ಬೇರೆಬೇರೆ ತೋರಿಸುವ ಹಿಸ್ಟೋಗ್ರಾಮ್ ಆನ್ ಮಾಡಿ, ಕೆಂಪಿನ ಗುಡ್ಡ ಬಲಗೋಡೆಗೆ ತಾಗಿದ್ದರೆ ಇನ್ನೂ 0.3 ಇಳಿಸಿ. ಪಿಕ್ಚರ್ ಸ್ಟೈಲ್ (ಪರದೆಯ ಚಿತ್ರಕ್ಕೆ ಕ್ಯಾಮೆರಾ ಕೊಡುವ ಬಣ್ಣದ ಬಗೆ) ‘ವಿವಿಡ್’ನಲ್ಲಿ ಇದ್ದರೆ ‘ನ್ಯೂಟ್ರಲ್’ಗೆ ತನ್ನಿ.

4. ಕಲ್ಲು ಆರಿಸುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಹೋಗಬೇಕು. ಮೊದಲ ಬೆಳಿಗ್ಗೆ ಕ್ಯಾಮೆರಾ ಹೊರಗೆ ತೆಗೆಯಬೇಡಿ. ಬೈನಾಕ್ಯುಲರ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಬರಿಗಣ್ಣಿನಲ್ಲಿ, 20-30 ಮೀಟರ್ ದೂರದಿಂದ ಒಂದು ಇಳಿಜಾರನ್ನು ನೋಡುತ್ತ ಕೂಡಿ. ಗಂಡು ಓತಿ ತನ್ನ ಸರಹದ್ದಿನಲ್ಲಿ ಎತ್ತರದ ಎರಡು-ಮೂರು ಕಲ್ಲುಗಳನ್ನೇ ಮತ್ತೆ ಮತ್ತೆ ಏರುತ್ತದೆ. ಅದು ಇಳಿದುಹೋದ ಮೇಲೆ ಹೋಗಿ ನೋಡಿದರೆ ಕಲ್ಲಿನ ತುದಿಯಲ್ಲಿ ಕಪ್ಪು ಹಿಕ್ಕೆ, ಅದರ ಒಂದು ತುದಿಗೆ ಬಿಳಿ ಚುಕ್ಕೆ ಕಾಣುತ್ತದೆ. ಅದೇ ಕಲ್ಲು.

ಈಗ ಆ ಕಲ್ಲಿನ ಸುತ್ತ ಒಂದು ಸುತ್ತು ಹಾಕಿ, ನಾಲ್ಕು ವಿಷಯ ನೋಡಿ. ಬೆಳಿಗ್ಗೆ ಏಳೂವರೆಗೆ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ? ನೀವು ಮಲಗುವ ಜಾಗದಿಂದ ಕಲ್ಲಿನ ಹಿಂದೆ ಏನು ಕಾಣುತ್ತದೆ? ಆ ಜಾಗದಲ್ಲಿ ಮಲಗಲು ಸಾಧ್ಯವೆ, ಜಾಲಿ ಮುಳ್ಳು, ನೆಗ್ಗಿಲ ಮುಳ್ಳು ಇಲ್ಲ ತಾನೆ? ಓತಿ ತಪ್ಪಿಸಿಕೊಳ್ಳುವ ಸಂದಿ ಯಾವುದು? ಈ ನಾಲ್ಕನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದರ ಸಂದಿಗೂ ಕಲ್ಲಿಗೂ ನಡುವೆ ನೀವು ಮಲಗಿದರೆ ಓತಿ ಆ ದಿನ ಬರುವುದೇ ಇಲ್ಲ.

ಹಿನ್ನೆಲೆಯ ವಿಷಯ ಲೆಕ್ಕ ಹಾಕಿಯೇ ತಿಳಿಯಬೇಕು. ಓತಿ 30 ಸೆಂ.ಮೀ. ಎತ್ತರದ ಕಲ್ಲಿನ ಮೇಲಿದೆ, ನೀವು ನಾಲ್ಕು ಮೀಟರ್ ದೂರದಲ್ಲಿದ್ದೀರಿ ಎಂದಿಟ್ಟುಕೊಳ್ಳಿ. ನಿಂತು, ಕ್ಯಾಮೆರಾ ಒಂದೂವರೆ ಮೀಟರ್ ಎತ್ತರದಲ್ಲಿಟ್ಟು ತೆಗೆದರೆ ಓತಿಯ ಹಿಂದೆ ಕಾಣುವುದು ಬರೀ ಒಂದು ಮೀಟರ್ ಆಚೆಯ ನೆಲ. ಆ ಕಲ್ಲುಕಸಕಡ್ಡಿಯೆಲ್ಲ ಅರೆಸ್ಪಷ್ಟವಾಗಿ ಕಂಡು ಓತಿ ಅದರಲ್ಲಿ ಕಳೆದುಹೋಗುತ್ತದೆ. ಮಲಗಿ, ಕ್ಯಾಮೆರಾ 35 ಸೆಂ.ಮೀ. ಎತ್ತರಕ್ಕೆ ತಂದರೆ ಅದೇ ನೋಟ 24 ಮೀಟರ್ ಆಚೆ ನೆಲ ಮುಟ್ಟುತ್ತದೆ. ಅಷ್ಟು ದೂರದ ನೆಲ ಕರಗಿ ಒಂದೇ ಬಣ್ಣದ ಪರದೆಯಾಗುತ್ತದೆ. ಲೆನ್ಸ್ ಬದಲಿಸಿಲ್ಲ, ದುಡ್ಡು ಖರ್ಚಾಗಿಲ್ಲ, ಮೊಣಕೈ ಮಾತ್ರ ತರಚಿದೆ.

ಹೊಲದ ಒಡ್ಡಿನ ಮೇಲಾದರೆ ಮೊದಲು ಹೊಲದವರನ್ನು ಮಾತಾಡಿಸಿ. ‘ಕಾಕಾ, ಓತಿಕ್ಯಾತದ ಫೋಟೋ ತಗೀಲಿಕ್ಕೆ ಬಂದೇವ್ರಿ, ಒಡ್ಡಿನ ಮ್ಯಾಲ ಒಂದೀಟ ಕುಂಡ್ರತೇವಿ’ ಎಂದರೆ ಬೇಡವೆನ್ನುವವರು ಕಡಿಮೆ. ಎಲ್ಲಿ ಕೂರುತ್ತದೆ ಎಂದು ಅವರೇ ತೋರಿಸುವುದೂ ಉಂಟು. ಕುರಿ ಕಾಯುವವರಿಗಂತೂ ಗಾಯರಾಣದ ಒಂದೊಂದು ಕಲ್ಲೂ ಗೊತ್ತು.

5. ಹತ್ತಿರ ಹೋಗಿ ಕಾಯುವುದು

ಓತಿ ಹೊರಬರುವುದಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಮಲಗಿಬಿಟ್ಟರೆ ಅತ್ಯುತ್ತಮ. ಅದು ಬಂದಾಗ ನೀವೂ ಒಂದು ಕಲ್ಲು. ತಡವಾಗಿದ್ದರೆ ಹೀಗೆ ಮಾಡಿ: ನೇರ ಅದರ ಕಡೆ ನಡೆಯದೆ, ಪಕ್ಕಕ್ಕೆ ಹಾದುಹೋಗುವವರಂತೆ ಓರೆಯಾಗಿ ನಾಲ್ಕು ಹೆಜ್ಜೆ ಇಡಿ, ಒಂದು ನಿಮಿಷ ನಿಲ್ಲಿ, ಮತ್ತೆ ಓರೆಯಾಗಿ ನಾಲ್ಕು ಹೆಜ್ಜೆ. ಹತ್ತು ಮೀಟರಿನಿಂದ ಕುಕ್ಕರಗಾಲು, ಆರು ಮೀಟರಿನಿಂದ ಹೊಟ್ಟೆಯ ಮೇಲೆ. ನಿಮ್ಮ ನೆರಳು ಅದರ ಮೇಲೆ ಬೀಳಲೇಬಾರದು. ನೆರಳು ಬಿದ್ದರೆ ಅದಕ್ಕೆ ಹದ್ದು ಬಂತೆಂದೇ ಅರ್ಥ.

ಓತಿ ಏನು ಹೇಳುತ್ತಿದೆ ಎಂಬುದನ್ನು ಓದಿ. ಮುಂಗಾಲೂರಿ ಮೈಯನ್ನು ಮೇಲೆ ಕೆಳಗೆ ಕುಣಿಸುತ್ತಿದ್ದರೆ ಅದು ತನ್ನ ಕೆಲಸದಲ್ಲಿದೆ, ಮುಂದುವರಿಯಬಹುದು. ತಲೆಯೆತ್ತಿ ನಿಶ್ಚಲವಾಗಿ ಒಂದು ಕಣ್ಣಿನಿಂದ ನಿಮ್ಮನ್ನೇ ನೋಡುತ್ತಿದ್ದರೆ ಅಲ್ಲೇ ನಿಲ್ಲಿ. ಮೈಯನ್ನು ಕಲ್ಲಿಗೆ ಚಪ್ಪಟೆಯಾಗಿ ಒತ್ತಿತೆಂದರೆ ಇನ್ನೊಂದು ಹೆಜ್ಜೆಗೆ ಹೋಗುತ್ತದೆ. ನೀವೇ ಒಂದಿಷ್ಟು ಹಿಂದೆ ಸರಿಯಿರಿ. ಓಡಿಹೋದರೂ ಎದ್ದು ಹಿಂಬಾಲಿಸಬೇಡಿ. ಅಲ್ಲೇ ಮಲಗಿದ್ದರೆ ಹತ್ತು-ಇಪ್ಪತ್ತು ನಿಮಿಷದಲ್ಲಿ ಅದೇ ಕಲ್ಲಿಗೆ ಬರುವ ಸಾಧ್ಯತೆ ಹೆಚ್ಚು.

ಗುಂಪಾಗಿ ಹೋದರೆ ಇದ್ಯಾವುದೂ ನಡೆಯುವುದಿಲ್ಲ. ಇಬ್ಬರಿಗಿಂತ ಹೆಚ್ಚು ಜನ ಒಂದು ಕಲ್ಲಿನ ಮುಂದೆ ಬೇಡ.

6. ಚೌಕಟ್ಟು ಕಟ್ಟುವುದು

ಮೊದಲು ‘ಡೆಪ್ತ್ ಆಫ್ ಫೀಲ್ಡ್’, ಅಂದರೆ ಮುಂದಿನಿಂದ ಹಿಂದಕ್ಕೆ ಎಷ್ಟು ಆಳ ಸ್ಪಷ್ಟವಾಗಿ ಕಾಣುತ್ತದೆ ಎಂಬುದು. ಎಪಿಎಸ್‌ಸಿ ಸೆನ್ಸರ್ (ಸಾಮಾನ್ಯ ಬೆಲೆಯ ಕ್ಯಾಮೆರಾಗಳಲ್ಲಿರುವ, ಪೂರ್ಣ ಅಳತೆಗಿಂತ ಚಿಕ್ಕ ಸೆನ್ಸರ್), 400 ಮಿ.ಮೀ., ಎಫ್/8, ಎರಡು ಮೀಟರ್ ದೂರ: ಸ್ಪಷ್ಟ ಆಳ ಒಂದು ಸೆಂಟಿಮೀಟರೂ ಇಲ್ಲ. ಓತಿಯ ಮೂತಿ ಸ್ಪಷ್ಟವಿದ್ದರೆ ಕಣ್ಣು ಮಸುಕು. ನಾಲ್ಕು ಮೀಟರಿಗೆ ಹಿಂದೆ ಸರಿದರೆ ಸುಮಾರು ಮೂರು ಸೆಂ.ಮೀ. ಸಿಗುತ್ತದೆ, ಚೌಕಟ್ಟಿನ ಅಗಲ ಒಂದು ಗೇಣಿನಷ್ಟಾಗಿ ಬೀಸಣಿಗೆ ಓತಿ ಬಾಲ ಸಮೇತ ಹಿಡಿಸುತ್ತದೆ. ಹಾಗಾಗಿ ಇನ್ನೂ ಹತ್ತಿರ, ಇನ್ನೂ ಹತ್ತಿರ ಎಂಬ ಚಪಲ ಬಿಡಿ. ಜೀವಿಯ ಮೈ ಕ್ಯಾಮೆರಾಕ್ಕೆ ಅಡ್ಡಲಾಗಿ ಸಮಾನಾಂತರವಾಗಿ ಇದ್ದಾಗ ಒತ್ತಿದರೆ ತಲೆಯಿಂದ ಸೊಂಟದ ತನಕ ಸ್ಪಷ್ಟ ಬರುತ್ತದೆ. ಎದುರುಮುಖವಾಗಿದ್ದರೆ ಕಣ್ಣೊಂದೇ ಗುರಿ.

ಬಾಲ: ಸಣ್ಣ ಸರೀಸೃಪಗಳ ಚಿತ್ರದಲ್ಲಿ ಎದ್ದು ಕಾಣುವ ತಪ್ಪು ಇದೇ. ಬಾಲದ ತುದಿ ಎರಡು ಬೆರಳಿನಷ್ಟು ಹೊರಗೆ ಕತ್ತರಿಸಿ ಹೋಗಿರುತ್ತದೆ. ಬಾಲ ಪೂರ್ತಿ ಬರಲಿ, ತುದಿಯ ಆಚೆಗೂ ಒಂದಿಷ್ಟು ಜಾಗ ಬಿಡಿ. ಇಲ್ಲವೇ ಧೈರ್ಯವಾಗಿ ಭುಜದ ಹತ್ತಿರ ಕತ್ತರಿಸಿ ಮುಖದ ಚಿತ್ರ ಮಾಡಿ. ನಡುವಿನ ದಾರಿ ಇಲ್ಲ.

ನೋಟದ ದಿಕ್ಕು: ಓತಿ ಬಲಕ್ಕೆ ನೋಡುತ್ತಿದ್ದರೆ ಅದನ್ನು ಎಡಕ್ಕಿಟ್ಟು ಬಲಕ್ಕೆ ಖಾಲಿ ಬಿಡಿ. ನಮ್ಮ ಬಯಲಿನಲ್ಲಿ ಖಾಲಿ ಜಾಗವೇ ಬಂಡವಾಳ. ಚೌಕಟ್ಟಿನ ಮೂರರಲ್ಲಿ ಎರಡು ಪಾಲು ಬರೀ ಬಿಸಿಲುಬಣ್ಣವಾಗಿದ್ದು, ಮೂಲೆಯ ಕಲ್ಲಿನ ಮೇಲೆ ಸಣ್ಣದೊಂದು ಓತಿ ಕೂತಿದ್ದರೆ ಆ ನೆಲ ಎಂಥದ್ದು ಎಂಬುದು ನೋಡುವವರಿಗೆ ಮುಟ್ಟುತ್ತದೆ. ಓತಿಯನ್ನು ಚೌಕಟ್ಟಿನ ತುಂಬ ತುಂಬಿದ ಚಿತ್ರ ಎಲ್ಲಿ ತೆಗೆದದ್ದಾದರೂ ಆಗಬಹುದು. ಬಾದಾಮಿಯ ಬಂಡೆಗೋಡೆ ಹಿಂದೆ ಇರುವ ಚಿತ್ರ ಬಾದಾಮಿಯದ್ದೇ.

ನೆಲದ ಗೆರೆ: ಕೆಳಗಿನಿಂದ ತೆಗೆಯುವಾಗ ದಿಗಂತದ ಗೆರೆ ಓತಿಯ ಕತ್ತು ಅಥವಾ ಕಣ್ಣಿನ ಮೇಲೆಯೇ ಹಾದುಹೋಗುವುದುಂಟು. ಕ್ಯಾಮೆರಾ ನಾಲ್ಕು ಬೆರಳು ಏರಿಸಿ ಅಥವಾ ಇಳಿಸಿ. ವಿದ್ಯುತ್ ಕಂಬ, ಗಾಳಿ ಯಂತ್ರದ ರೆಕ್ಕೆ ತಲೆಯ ಹಿಂದೆ ಮೊಳೆಯದಂತೆ ನೋಡಿ. ಮಸುಕಾದರೂ ಅವು ಗೊತ್ತಾಗುತ್ತವೆ.

ಬೆಳಕಿನ ದಿಕ್ಕು: ಬಂಡೆ ಓತಿಯ ಹುರುಪೆ, ಮರಳುಗಲ್ಲಿನ ತರಿ ಕಾಣಬೇಕೆಂದರೆ ಬಿಸಿಲು ಪಕ್ಕದಿಂದ ಬರಲಿ. ಬೆನ್ನ ಹಿಂದಿನಿಂದ ಬರುವ ಬಿಸಿಲು ಸುರಕ್ಷಿತ, ಆದರೆ ಸಪ್ಪೆ. ಬೀಸಣಿಗೆ ಓತಿಗೆ ಎರಡು ಬಗೆಯಲ್ಲೂ ತೆಗೆಯಿರಿ. ಗಂಟಲಿನ ನೀಲಿ ಮಿನುಗುವುದು ಬಿಸಿಲು ನಿಮ್ಮ ಕಡೆಯಿಂದ ಬಿದ್ದಾಗ. ಬಿಸಿಲು ಅದರ ಹಿಂದಿನಿಂದ ಬಂದರೆ ತೆಳು ಚರ್ಮದ ಮೂಲಕ ಬೆಳಕು ಹಾದು ಕಿತ್ತಳೆ ಭಾಗ ಒಳಗಿನಿಂದ ಉರಿದಂತೆ ಕಾಣುತ್ತದೆ. ಹಿಂಬೆಳಕಿನಲ್ಲಿ ಲೆನ್ಸ್ ಹುಡ್ (ಲೆನ್ಸಿನ ಮೂತಿಗೆ ಬಿಸಿಲು ಬೀಳದಂತೆ ಹಾಕುವ ಮರೆ) ತಪ್ಪದೆ ಹಾಕಿ. ಬೀಸಣಿಗೆ ಪೂರ್ತಿ ಬಿಚ್ಚಿರುವುದು ಕ್ಷಣ ಮಾತ್ರ. ಕಂಡಾಗ ಒತ್ತಿದರೆ ತಡವಾಗಿರುತ್ತದೆ. ಗಂಟಲು ಕದಲತೊಡಗಿದಾಗಲೇ ಬಟನ್ ಒತ್ತಿ ಹಿಡಿದು ಎಂಟು-ಹತ್ತು ಚಿತ್ರಗಳ ಸರಣಿ ತೆಗೆದುಬಿಡಿ.

7. ಝಳ: ಯಾವ ಲೆನ್ಸೂ ಗೆಲ್ಲದ ಶತ್ರು

‘ಚಿತ್ರ ಮಸುಕು’ ಎಂಬ ದೂರಿಗೆ ನಮ್ಮ ಕಡೆ ದೊಡ್ಡ ಕಾರಣ ಕೈನಡುಕವಲ್ಲ, ಝಳ. ಕಾದ ನೆಲದಿಂದ ಏಳುವ ಬಿಸಿ ಗಾಳಿ ತಣ್ಣನೆಯ ಗಾಳಿಯೊಡನೆ ಬೆರೆಯುವಾಗ ಬೆಳಕನ್ನು ಅತ್ತಿತ್ತ ಬಾಗಿಸುತ್ತದೆ. ನೆಲಕ್ಕೆ ಹತ್ತಿರ ಇದರ ಕಾಟ ಹೆಚ್ಚು, ನಾವು ಮಲಗಿರುವುದೂ ಅಲ್ಲೇ. ಏಪ್ರಿಲ್‌ನಲ್ಲಿ ಒಂಬತ್ತೂವರೆ ದಾಟಿದರೆ ಹತ್ತು ಮೀಟರ್ ಆಚೆಯ ಚಿತ್ರದಲ್ಲೂ ಇದು ಕಾಣಬಹುದು.

ಗುರುತಿಸುವುದು ಸುಲಭ. ಒಂದೇ ಸರಣಿಯ ಹತ್ತು ಚಿತ್ರಗಳಲ್ಲಿ ಒಂದೆರಡು ಸ್ಪಷ್ಟ, ಮಿಕ್ಕವು ಬೇರೆಬೇರೆ ರೀತಿಯಲ್ಲಿ ಹಿಂಡಿದಂತಿದ್ದರೆ ಅದು ಝಳ. ಎಲ್ಲವೂ ಒಂದೇ ರೀತಿ ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಒಂದೇ ದಿಕ್ಕಿಗೆ ಎಳೆದಂತಿದ್ದರೆ ಶಟರ್ ನಿಧಾನವಾಗಿದೆ. ಝಳಕ್ಕೆ ಲೆನ್ಸಿನ ನಡುಕ ತಡೆಯುವ ಸೌಲಭ್ಯವಾಗಲಿ, ಶಟರ್ ಹೆಚ್ಚಿಸುವುದಾಗಲಿ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಚೂಪು ಮಾಡುವುದಾಗಲಿ ಮದ್ದಲ್ಲ. ನಡುವಿನ ಗಾಳಿಯನ್ನು ಕಡಿಮೆ ಮಾಡುವುದೊಂದೇ ದಾರಿ: ಬೇಗ ಹೋಗಿ, ಐದು ಮೀಟರಿನೊಳಗೆ ಇರಿ, ನಿಮ್ಮ ಮತ್ತು ಜೀವಿಯ ನಡುವೆ ಬರಿ ಬಂಡೆ ಅಥವಾ ಡಾಂಬರು ಬದಲು ಹುಲ್ಲು ಇರುವ ಕೋನ ಆರಿಸಿ. ಎಸಿ ಹಾಕಿದ ಕಾರಿನ ಕಿಟಕಿ ಇಳಿಸಿ ತೆಗೆಯುವುದು ಕೈಯಾರೆ ಝಳ ಹುಟ್ಟಿಸಿದಂತೆ. ಎಸಿ ಆರಿಸಿ, ಕಿಟಕಿ ಎಲ್ಲ ಇಳಿಸಿ, ಒಳಗೂ ಹೊರಗೂ ಬಿಸಿ ಒಂದೇ ಆಗುವ ತನಕ ತಡೆಯಿರಿ.

ದೂಳು ಎರಡನೆಯ ಶತ್ರು. ಎರೆ ಮಣ್ಣಿನ ದೂಳು ಹಿಟ್ಟಿನಷ್ಟು ನುಣುಪು. ಬಯಲಲ್ಲಿ ಲೆನ್ಸ್ ಬದಲಿಸಬೇಡಿ, ಬದಲಿಸಲೇಬೇಕಾದರೆ ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಬದಲಿಸಿ. ಗಾಜಿನ ಮೇಲೆ ದೂಳು ಕೂತರೆ ಮೊದಲು ಬಲ್ಬಿನಿಂದ ಊದಿ, ಆಮೇಲಷ್ಟೆ ಬಟ್ಟೆ. ಊದದೆ ಒರೆಸಿದರೆ ಗಾಜಿನ ಲೇಪಕ್ಕೆ ಗೀರು ಬೀಳುತ್ತದೆ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಕಾಯುವಾಗ ಕ್ಯಾಮೆರಾ ಮೇಲೆ ಬಿಳಿ ಟವೆಲ್ ಹೊದಿಸಿಡಿ. ಕಪ್ಪು ಮೈಯ ಕ್ಯಾಮೆರಾ ಅರ್ಧ ಗಂಟೆ ಬಿಸಿಲಲ್ಲಿದ್ದರೆ ಮುಟ್ಟಲಾಗದಷ್ಟು ಕಾಯುತ್ತದೆ.

8. ಹುಳಹುಪ್ಪಡಿಗೆ, ಮತ್ತು ಮೊಬೈಲ್ ಮಾತ್ರ ಇರುವವರಿಗೆ

ಹುಳಗಳಿಗೆ ಮಧ್ಯಾಹ್ನದ ಬಿಸಿಲನ್ನೂ ಪಳಗಿಸಬಹುದು. ತೆಳ್ಳನೆಯ ಬಿಳಿ ಪಂಚೆಯ ತುಂಡೊಂದನ್ನು ಸೂರ್ಯನಿಗೂ ಹುಳಕ್ಕೂ ನಡುವೆ ಅಡ್ಡ ಹಿಡಿಸಿದರೆ ಗಡಸು ನೆರಳು ಮೆದುವಾಗುತ್ತದೆ. ಇನ್ನೊಂದು ಪಕ್ಕದಲ್ಲಿ ಬಿಳಿ ಹಾಳೆಯೊಂದನ್ನು ನಿಲ್ಲಿಸಿದರೆ ಹೊಟ್ಟೆಯ ಕೆಳಗಿನ ಕತ್ತಲೂ ತಿಳಿಯಾಗುತ್ತದೆ. ಮಿರಗದ ಹುಳಕ್ಕೆ ಇದೂ ಬೇಡ, ಮೋಡದ ಬೆಳಕೇ ಸಾಕು. ಅದರ ಕೆಂಪಿಗೂ ಮೇಲೆ ಹೇಳಿದ ಹಿಸ್ಟೋಗ್ರಾಮ್ ಎಚ್ಚರಿಕೆ ಅನ್ವಯ. ಮಳೆ ಬಿದ್ದ ಎರೆ ಹೊಲಕ್ಕೆ ಬೈಕ್ ಇಳಿಸುವ ಸಾಹಸ ಮಾತ್ರ ಬೇಡ, ಚಕ್ರ-ಮಡ್‌ಗಾರ್ಡ್ ನಡುವೆ ಮಣ್ಣು ಕಟ್ಟಿ ತಳ್ಳಲೂ ಬಾರದಂತಾಗುತ್ತದೆ.

ಮೊಬೈಲನ್ನು ತಲೆಕೆಳಗಾಗಿ ಹಿಡಿಯಿರಿ. ಆಗ ಲೆನ್ಸ್ ನೆಲಕ್ಕೆ ಒಂದೆರಡು ಸೆಂ.ಮೀ. ಎತ್ತರದಲ್ಲಿ ಬರುತ್ತದೆ, ಚಿಕ್ಕ ಹುಳವೂ ಗುಡ್ಡದೆದುರು ನಿಂತಂತೆ ಕಾಣುತ್ತದೆ. ಪರದೆಯಲ್ಲಿ ಜೀವಿಯ ಕಣ್ಣಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕಿನ ಗುರುತನ್ನು ಒಂದಿಷ್ಟು ಕೆಳಗೆ ಎಳೆಯಿರಿ. ಬೆರಳಿನಿಂದ ಹಿಗ್ಗಿಸುವ ಡಿಜಿಟಲ್ ಜೂಮ್ ಬೇಡ, ಫೋನಿನಲ್ಲಿ ನಿಜವಾದ ಟೆಲಿ ಲೆನ್ಸ್ ಇದ್ದರೆ ಅದನ್ನಷ್ಟೇ ಬಳಸಿ. ಓತಿಗೆ ಒಂದು ಉಪಾಯವಿದೆ: ಅದು ಕೂರುವ ಕಲ್ಲಿನ ಹತ್ತಿರ ಮೊಬೈಲನ್ನು ಸಣ್ಣ ಕಲ್ಲುಗಳ ನಡುವೆ ನಿಲ್ಲಿಸಿ, 4ಕೆ ವಿಡಿಯೋ ಚಾಲೂ ಮಾಡಿ, ನೀವು ದೂರ ಹೋಗಿ ಕೂಡಿ. ಆ ವಿಡಿಯೋದ ಒಂದೊಂದು ಚೌಕಟ್ಟೂ ಸುಮಾರು 8 ಮೆಗಾಪಿಕ್ಸೆಲ್ ಚಿತ್ರ. ಆದರೆ ನೇರ ಬಿಸಿಲಲ್ಲಿ ಹತ್ತು-ಹದಿನೈದು ನಿಮಿಷಕ್ಕೇ ಫೋನ್ ಕಾದು ತಾನೇ ನಿಂತುಬಿಡಬಹುದು, ಕಲ್ಲಿನ ನೆರಳಲ್ಲಿಡಿ.

9. ಅವುಗಳ ಜೀವ, ನಿಮ್ಮ ಜೀವ

ಟಿಟ್ಟಿಭ ಬರಿ ನೆಲದ ಮೇಲೆ, ಕಲ್ಲಿನ ಬಣ್ಣದ್ದೇ ಮೊಟ್ಟೆ ಇಡುತ್ತದೆ. ಬಿರುಬೇಸಿಗೆಯಲ್ಲಿ ತಾಯಿ-ತಂದೆ ಮೊಟ್ಟೆಗೆ ನೆರಳಾಗಿ ನಿಲ್ಲುತ್ತವೆ, ಹೊಟ್ಟೆಯ ಗರಿ ನೀರಲ್ಲಿ ತೋಯಿಸಿಕೊಂಡು ಬಂದು ತಂಪು ಮಾಡುತ್ತವೆ. ನೀವು ಅಲ್ಲೇ ಕೂತು ಹಕ್ಕಿ ದೂರವೇ ಉಳಿದರೆ ಬಿಸಿಲಿಗೆ ಮೊಟ್ಟೆ ಕೆಲವೇ ನಿಮಿಷಗಳಲ್ಲಿ ಕೆಡಬಹುದು. ಹಕ್ಕಿ ಕೂಗುತ್ತ ತಲೆಯ ಮೇಲೆ ಎರಗುತ್ತಿದ್ದರೆ ಬಂದ ಹೆಜ್ಜೆಯಲ್ಲೇ, ನೆಲ ನೋಡುತ್ತ ಹಿಂದಿರುಗಿ.

ಓತಿಯನ್ನು ಹಿಡಿದು ಕಲ್ಲಿನ ಮೇಲೆ ಕೂರಿಸುವುದು, ಹುಳಕ್ಕೆ ಫ್ರಿಜ್‌ನ ತಣ್ಣೀರು ಚಿಮುಕಿಸಿ ಮಂಕು ಮಾಡುವುದು, ಕಲ್ಲು ಮಗುಚಿ ಹಾಗೇ ಬಿಟ್ಟುಬರುವುದು, ಇವು ಫೋಟೋಗ್ರಫಿಯಲ್ಲ. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ, ಅದನ್ನು ಹಿಡಿಯುವುದು ಅಪರಾಧ. ಬೀಳಗಿ-ಮುಧೋಳ ನಡುವಿನ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದಂಥ ಕಡೆ ಒಳಹೋಗುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.

ಇನ್ನು ನಿಮ್ಮ ವಿಷಯ. ಈ ಕಲ್ಲುಗಳ ಸಂದಿಯಲ್ಲಿ ಚೇಳಿರುತ್ತದೆ, ಗರಗಸ ಮಂಡಲ ಇರಬಹುದು. ಗರಗಸ ಮಂಡಲ ಸಣ್ಣ ಹಾವು, ಮಣ್ಣಿನ ಬಣ್ಣ, ಹಗಲೆಲ್ಲ ಕಲ್ಲಿನಡಿ ಸುರುಳಿ ಸುತ್ತಿಕೊಂಡಿರುತ್ತದೆ. ಕೆಣಕಿದರೆ ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಬಾಣಲೆಯಲ್ಲಿ ಕರಿದಂಥ ಸದ್ದು ಮಾಡುತ್ತದೆ. ಆ ಸದ್ದು ಕೇಳಿದಲ್ಲಿ ನಿಂತು, ಎಲ್ಲಿದೆ ಎಂದು ನೋಡಿ, ನಿಧಾನವಾಗಿ ಹಿಂದೆ ಸರಿಯಿರಿ. ಮಲಗುವ ಜಾಗವನ್ನು ಮೊದಲು ಕೋಲಿನಿಂದ ತಟ್ಟಿ, ಕಾಣದ ಸಂದಿಗೆ ಕೈ ಹಾಕಬೇಡಿ, ಚಾಪೆ ಎತ್ತುವಾಗ ಝಾಡಿಸಿ, ಬಿಚ್ಚಿಟ್ಟ ಬೂಟನ್ನು ಕೊಡವಿ ಹಾಕಿಕೊಳ್ಳಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬೇರು ಅರೆದು ಹಚ್ಚುವುದು ಯಾವುದೂ ಬೇಡ. ಉಂಗುರ, ಗಡಿಯಾರ ಬಿಚ್ಚಿ, ಆ ಕೈ-ಕಾಲು ಅಲುಗಾಡಿಸದೆ, 108ಕ್ಕೆ ಕರೆ ಮಾಡಿ ಹಾವಿನ ವಿಷಕ್ಕೆ ಔಷಧ ಇರುವ ಆಸ್ಪತ್ರೆಗೆ ಹೋಗಿ. ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಔಷಧ, ಹಾವನ್ನು ಹಿಡಿದು ತರುವ ಅಗತ್ಯವಿಲ್ಲ. ಒಬ್ಬರೇ ಹೋಗುವುದಾದರೆ ಯಾವ ಗುಡ್ಡಕ್ಕೆ ಎಂದು ಮನೆಯಲ್ಲಿ ಹೇಳಿಹೋಗಿ. ಗುಡ್ಡದ ಹಿಂದೆ ಮೊಬೈಲ್ ಸಿಗ್ನಲ್ ಸಿಗುತ್ತದೆಂದು ನಂಬಬೇಡಿ.

10. ಮನೆಗೆ ಬಂದ ಮೇಲೆ

ಕ್ಯಾಮೆರಾ ಚೀಲವನ್ನು ಹೊರಗೇ ಝಾಡಿಸಿ ಒಳತನ್ನಿ. ಲೆನ್ಸಿನ ಜೂಮ್ ಬಳೆಯ ಸಂದಿನಲ್ಲಿ ಕೂತ ದೂಳನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಕರಕರ ಎನ್ನುತ್ತಿದ್ದರೆ ಬಲವಾಗಿ ತಿರುಗಿಸಬೇಡಿ.

ಚಿತ್ರ ಆರಿಸುವಾಗ ಮೊದಲ ಜರಡಿ ಕಣ್ಣು. ನೂರು ಶೇಕಡಾ ಹಿಗ್ಗಿಸಿದಾಗ ಕಣ್ಣು ಸ್ಪಷ್ಟವಿಲ್ಲದಿದ್ದರೆ ಎಷ್ಟೇ ಚೆಂದದ ಬೆಳಕಿದ್ದರೂ ಅಳಿಸಿ. ತಿದ್ದುವಾಗ ಕೆಂಪು-ಕಿತ್ತಳೆಯ ಗಾಢತೆ ಏರಿಸುವ ಆಸೆ ಹುಟ್ಟುತ್ತದೆ. ಬಂಡೆಯ ಬಣ್ಣ ನೋಡಿಕೊಳ್ಳಿ, ಅದು ಅರಿಶಿನ-ಕುಂಕುಮವಾಯಿತೆಂದರೆ ಹೆಚ್ಚಾಗಿದೆ.

ಫೈಲಿನ ಹೆಸರಿನಲ್ಲೇ ದಿನಾಂಕ, ತಾಲ್ಲೂಕು, ಜೀವಿ ಬರೆದಿಡಿ. ಬೀಸಣಿಗೆ ಓತಿಯಾದರೆ ಗಂಟಲು ಪೂರ್ತಿ ಬಿಚ್ಚಿದ ಒಂದು ಪಕ್ಕದ ಚಿತ್ರವನ್ನು ಚೆನ್ನಾಗಿಲ್ಲದಿದ್ದರೂ ಇಟ್ಟುಕೊಳ್ಳಿ, ಜಾತಿ ಗುರುತಿಸಲು ಅದು ಬೇಕಾಗುತ್ತದೆ. ಹಂಚಿಕೊಳ್ಳುವ ಮುನ್ನ ಫೈಲಿನೊಳಗಿನ ಜಿಪಿಎಸ್ ಮಾಹಿತಿ ಅಳಿಸಿ. ಉಡ, ಗೂಡು, ಮೊಟ್ಟೆಯ ಚಿತ್ರವಾದರೆ ಜಿಲ್ಲೆಯ ಹೆಸರಿಗಿಂತ ಹೆಚ್ಚಿನ ವಿಳಾಸ ಕೊಡಬೇಡಿ.